ಊಟದ ಹೊತ್ತಿಗೆ ಬರುವ ಬೆಳಕು

ಶೇಡಬಾಳ ದಾಟಿದ ಮೇಲೆ

ಉತ್ತರಕ್ಕೆ ನಾನು ಹುಬ್ಬಳ್ಳಿಯಾಚೆ ಹೋದವಳಲ್ಲ. ಹಾಗಾಗಿ ಮಿರಜಕ್ಕೆ ಹೊರಟೆನೆಂದಾಗ ಮನೆಯಲ್ಲಿ ಅದನ್ನು ಫಾರಿನ್ ಟೂರ್ ಎಂದೇ ಕರೆದರು. "ವೀಸಾ ಇಟ್ಕೊಂಡಿದೀಯ ತಾನೆ?" ಎಂದು ಅಕ್ಕ ರೈಲಿನ ಕಿಟಕಿಯಲ್ಲಿ ಕೇಳಿದಳು. ಮರುದಿನ ಶೇಡಬಾಳ ದಾಟಿ ರೈಲು ಗಡಿಯಾಚೆ ಹೋದಾಗ ಮೊಬೈಲಿಗೆ ಮರಾಠಿಯಲ್ಲಿ ಸ್ವಾಗತದ ಸಂದೇಶ ಬಂತು. ಕಿಟಕಿಯಾಚೆ ಮಾತ್ರ ಏನೂ ಬದಲಾಗಲಿಲ್ಲ. ಅದೇ ಕರಿ ಮಣ್ಣು, ಅದೇ ಕಬ್ಬು, ಕಬ್ಬು ಹೇರಿಕೊಂಡು ಗೇಟಿನಲ್ಲಿ ಕಾಯುತ್ತ ನಿಂತ ಟ್ರ್ಯಾಕ್ಟರುಗಳು. ನಮ್ಮ ಮಂಡ್ಯದ ಕಡೆಯ ಕಬ್ಬಿಗಿಂತ ಇಲ್ಲಿಯದು ಎತ್ತರ, ಒತ್ತೊತ್ತು. ಅದರೊಳಗೆ ಒಬ್ಬ ಮನುಷ್ಯ ನಿಂತಿದ್ದರೆ ಎರಡು ಮಾರು ದೂರದಿಂದಲೂ ಕಾಣಲಾರ ಎಂದುಕೊಂಡೆ. ಹಗಲು ಹೊತ್ತಿನಲ್ಲಿ ಆ ಯೋಚನೆ ಯಾಕೆ ಬಂತೋ ತಿಳಿಯದು.

ನಾನು ಮೈಸೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವಳಿಗೆ ಸಂಜೆ ದೂರದ್ದನ್ನು ನೋಡಬೇಕೆನಿಸುತ್ತದೆ. ಹೀಗೆ ನಕ್ಷತ್ರದ ಹುಚ್ಚು ಹತ್ತಿತು. ಆದರೆ ನಮ್ಮ ತಾರಸಿಯ ಸುತ್ತ ಈಗ ಎಷ್ಟು ದೀಪಗಳೆಂದರೆ ಆಕಾಶದಲ್ಲಿ ಬೆರಳೆಣಿಕೆಯ ಚುಕ್ಕಿಗಳು ಉಳಿದಿವೆ. ಡಿಸೆಂಬರಿನಲ್ಲಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಬೀಳುತ್ತವೆ. ಒಳ್ಳೆಯ ಕತ್ತಲಿದ್ದರೆ ಒಂದರ ಹಿಂದೊಂದು ಕಾಣುತ್ತವೆ. ನಾನು ಐದಾರು ವರ್ಷಗಳಿಂದ ಕಾದು ಒಂದೆರಡನ್ನು ಕಂಡಿದ್ದೆ, ಅಷ್ಟೇ.

ನಕ್ಷತ್ರ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ಭೂಪಾಲ ಕಾಕಾ ಪರಿಚಯವಾದರು. ಸಾಂಗ್ಲಿಯ ಹತ್ತಿರ ಸಮಡೋಳಿಯ ಕಡೆ ಕಬ್ಬು, ಅರಿಸಿನ ಬೆಳೆಯುವ ಜೈನ ರೈತರು. ಮನೆಮಾತು ಕನ್ನಡ, ಓದಿದ್ದು ಮರಾಠಿ. ಕನ್ನಡ ಅಕ್ಷರ ಬಾರದು. ಹಾಗಾಗಿ ಅವರು ಏನು ಹೇಳಬೇಕಾದರೂ ಧ್ವನಿ ಸಂದೇಶ ಕಳಿಸುತ್ತಿದ್ದರು. ಹಿಂದೆ ಎಮ್ಮೆ ಕೂಗುವುದು, ಪಂಪು ಓಡುವುದು ಎಲ್ಲ ಕೇಳಿಸುತ್ತಿತ್ತು. "ಒಮ್ಮೆ ಬಂದ ಹೋಗ್ರಿ, ಸುಮಿತ್ರಾತಾಯಿ. ನಮ್ಮ ಕತ್ತಲಿ ನಿಮಗ ತೋರಸ್ತೇನಿ" ಎಂದಿದ್ದರು. ಬೇರೆಯವರು ಊರಿನ ಗುಡಿ ತೋರಿಸುತ್ತೇನೆ ಎನ್ನುತ್ತಾರೆ, ಇವರು ಕತ್ತಲೆ ತೋರಿಸುತ್ತೇನೆ ಎನ್ನುತ್ತಾರಲ್ಲ ಎಂದು ಖುಷಿಯಾಗಿ ಹೊರಟೆ.

ಮಿರಜದ ಶೇರ್ ಆಟೋ

ಮಿರಜ ನಿಲ್ದಾಣದ ಹೊರಗೆ ಕನ್ನಡ ಕೇಳಿಸಿಕೊಂಡೇ ನಡೆಯಬಹುದು. ನಮ್ಮ ಕಡೆಯಿಂದ ಆಸ್ಪತ್ರೆಗೆ ಬಂದವರು, ಅವರನ್ನು ಕರೆಯುವ ಆಟೋದವರು, ಎಲ್ಲರದೂ ಕನ್ನಡವೇ. ಆದರೆ ಎರಡನೆಯ ವಾಕ್ಯ ಮರಾಠಿಗೆ ಹೊರಳುತ್ತದೆ, ಮೂರನೆಯದು ಮತ್ತೆ ವಾಪಸು ಬರುತ್ತದೆ.

ಮೈಸೂರಿನಲ್ಲಿ ಆಟೋ ಎಂದರೆ ನಾನು ಮತ್ತು ನನ್ನ ಮೀಟರು. ಇಲ್ಲಿ ಸಾಂಗ್ಲಿಯ ಕಡೆ ಹೋಗುವ ಆಟೋದಲ್ಲಿ ಅಪರಿಚಿತರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗುತ್ತದೆ, ತಾಗಿದ ಮೇಲೆ ಮಾತಾಡದಿರುವುದು ಅವಮರ್ಯಾದೆ. ನನ್ನ ತೊಡೆಯ ಮೇಲೆ ಉದ್ದನೆಯ ಕರಿ ಚೀಲವಿತ್ತು. ಎದುರಿಗೆ ಮೆಂತ್ಯದ ಸೊಪ್ಪಿನ ಗಂಟು ಇಟ್ಟುಕೊಂಡ ಹೆಂಗಸು ಅದನ್ನೇ ನೋಡುತ್ತಿದ್ದಳು.

"ಅದರಾಗ ಏನೈತವಾ? ಬಂದೂಕೇನ?"

"ಅಲ್ಲಮ್ಮ, ದುರ್ಬೀನಿನ ಸ್ಟ್ಯಾಂಡು."

"ದುರ್ಬೀನ? ಯಾರನ್ನ ನೋಡಾಕ?"

"ನಕ್ಷತ್ರ ನೋಡೋಕೆ. ಮೈಸೂರಿಂದ ಬಂದೆ."

ಆಕೆ ಪಕ್ಕದವಳ ಕಡೆ ತಿರುಗಿದಳು. "ಚುಕ್ಕಿ ನೋಡಾಕ ಮೈಸೂರಿಂದ ಬಂದಾಳಂತ. ಅಲ್ಲಿ ಚುಕ್ಕಿ ತೀರ್ಯಾವೇನ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಚಾಲಕ ಮಾತ್ರ ನಗಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಕ್ಕಾರ, ಕತ್ತಲಾದ ಮ್ಯಾಲ ಹೊಲದ ಕಡೆ ಹೋಗಬ್ಯಾಡ್ರಿ. ಡ್ರೋನ್ ಹಾರಾಕತ್ತಾವ" ಎಂದ.

ಆಗ ನಗು ನಿಂತಿತು. ಒಬ್ಬೊಬ್ಬರೂ ತಮ್ಮದನ್ನು ಹೇಳತೊಡಗಿದರು. ಮಾಧವನಗರದ ಆಚೆ ಹಾರಿತ್ತಂತೆ. ಮೇಲಿನಿಂದ ಮನೆಗಳನ್ನು ನೋಡಿಟ್ಟುಕೊಂಡು ಆಮೇಲೆ ಕಳ್ಳರು ಬರುತ್ತಾರಂತೆ. ಊರೂರಿನಲ್ಲಿ ಗಂಡಸರು ಕೋಲು ಹಿಡಿದು ಪಾಳಿಯ ಮೇಲೆ ಗಸ್ತು ತಿರುಗುತ್ತಿದ್ದಾರಂತೆ. "ನೀವು ಕಂಡಿರಾ?" ಎಂದು ಕೇಳಿದೆ. ಆಟೋದಲ್ಲಿದ್ದ ಯಾರೂ ಕಂಡಿರಲಿಲ್ಲ. ಎಲ್ಲರಿಗೂ ಕಂಡವರೊಬ್ಬರು ಗೊತ್ತಿದ್ದರು.

ನಾನು ಚೀಲವನ್ನು ತೊಡೆಯಿಂದ ಇಳಿಸಿ ಕಾಲಿನ ಸಂದಿಯಲ್ಲಿ ಇಟ್ಟುಕೊಂಡೆ.

ವಿಶ್ರಾಮಬಾಗ

ಭೂಪಾಲ ಕಾಕಾ ಸ್ಕೂಟರ್ ತಂದು ಸಾಂಗ್ಲಿಯ ವಿಶ್ರಾಮಬಾಗದಲ್ಲಿ ಕಾಯುತ್ತಿದ್ದರು. ಅರವತ್ತು ದಾಟಿದ ಸಣ್ಣ ಆಳು. ಬಿಳಿ ಟೋಪಿ. ಧ್ವನಿಯಲ್ಲಿ ಇದ್ದದ್ದಕ್ಕಿಂತ ಎದುರಿಗೆ ನಾಚಿಕೆಯವರು.

"ಬರ್ರಿ ಬರ್ರಿ. ಪ್ರವಾಸ ಹೆಂಗಾತು? ಒಂದೀಟ ಕೆಲಸ ಐತಿ, ಮುಗಿಸಿ ಹೋಗೂಣ."

ಆ ಕೆಲಸ ಕೆಂಪು ಜಿಲೇಟಿನ್ ಕಾಗದ ಕೊಳ್ಳುವುದಾಗಿತ್ತು. ನಮ್ಮ ಹವ್ಯಾಸದವರಿಗೆ ಇದು ಬೇಕೇ ಬೇಕು. ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆ ಹಿಡಿಯುತ್ತದೆ. ಒಂದು ಕ್ಷಣ ಬಿಳಿ ಬೆಳಕು ಬಿದ್ದರೆ ಆ ಅರ್ಧ ಗಂಟೆ ಹಾಳು. ಕೆಂಪು ಬೆಳಕು ಅಷ್ಟು ಕೆಡಿಸುವುದಿಲ್ಲ. ಅದಕ್ಕೇ ಟಾರ್ಚಿನ ಬಾಯಿಗೆ ಕೆಂಪು ಕಾಗದ ಕಟ್ಟಿಕೊಳ್ಳುತ್ತೇವೆ.

ನಾನು ಆಟೋದ ಮಾತನ್ನು ಹೇಳಿದೆ. ಕಾಕಾ ಕಾಗದವನ್ನು ಸುರುಳಿ ಸುತ್ತುತ್ತ, "ಇಷ್ಟ ದಿನ ಆತು, ನಾ ಅಂಗಳದಾಗ ನೋಡಾಕತ್ತೇನಿ. ಎಲ್ಲಾರಿಗೂ ಗೊತ್ತೈತಿ, ಭೂಪಾಲಗ ಹುಚ್ಚ ಐತಿ ಅಂತ. ಯಾರೂ ಏನೂ ಅನ್ನೂದಿಲ್ಲ" ಎಂದರು. ಅಂಗಡಿಯವನು ನನ್ನ ಚೀಲ ನೋಡಿದ, ಕೆಂಪು ಕಾಗದ ನೋಡಿದ, ಏನೂ ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಸಮಡೋಳಿಯ ಕಡೆ, ಹೊತ್ತು ಮುಳುಗುವ ಮುನ್ನ

ಕೃಷ್ಣೆಯ ಸೇತುವೆ ದಾಟಿ, ಕಬ್ಬಿನ ಗಾಡಿಗಳ ಹಿಂದೆ ನಿಧಾನವಾಗಿ ಹೋದೆವು. ಕಾಕಾರ ಮನೆ ಊರೊಳಗಿಲ್ಲ, ಹೊಲದ ನಡುವೆ. ಅಂತಹ ಬಿಡಿ ಮನೆಗಳು ಆ ಕಡೆ ಹಲವು.

ಅವರ ಹೆಂಡತಿ ಕಮಲಾ ಕಾಕು ಬಾಗಿಲಲ್ಲೇ ಹೇಳಿದರು: "ಕೈಕಾಲ ತೊಳಕೊಂಡ ಉಣ್ಣಾಕ ಕುಂದ್ರಿ. ಹೊತ್ತ ಮುಳುಗಿದ ಮ್ಯಾಲ ನಮ್ಮನ್ಯಾಗ ಒಲಿ ಹತ್ತೂದಿಲ್ಲ."

ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ. ದೀಪಕ್ಕೆ ಹುಳ ಬಂದು ಸಾಯುತ್ತವೆಂದು ಕಾಕು ಅಂಗಳದ ಬಲ್ಬನ್ನೂ ಹಾಕುವುದಿಲ್ಲ. ಕಾಕಾ ಧ್ವನಿ ಸಂದೇಶದಲ್ಲಿ ಹೊಗಳುತ್ತಿದ್ದ ಕತ್ತಲೆ ಈ ಮನೆಯ ನೇಮದಿಂದ ಬಂದದ್ದು ಎಂದು ನನಗೆ ಆಗ ಗೊತ್ತಾಯಿತು. ಮೈಸೂರಿನಲ್ಲಿ ಒಂಬತ್ತಕ್ಕೆ ಉಣ್ಣುವ ನಾನು ಬಿಸಿಲಿರುವಾಗಲೇ ಜೋಳದ ಭಾಕರಿ, ಶೇಂಗಾ ಚಟ್ನಿ, ಮೊಸರು ಮುಂದಿಟ್ಟುಕೊಂಡು ಕೂತೆ. ಹಸಿವಿಲ್ಲದಿದ್ದರೂ ಎರಡು ಭಾಕರಿ ಇಳಿಯಿತು. ಅಭ್ಯಾಸಬಲದಿಂದ "ಒಂದು ಈರುಳ್ಳಿ ಇದೆಯಾ?" ಎಂದು ಕೇಳಿಬಿಟ್ಟೆ. ಕಾಕು ನನ್ನ ಮುಖ ನೋಡಿ, ಮರುಗಿ, "ಅದೂ ಇಲ್ಲವಾ ನಮ್ಮನ್ಯಾಗ" ಎಂದರು.

ಹಿತ್ತಲಿನಲ್ಲಿ ಕಾಕಾರ ದೂರದರ್ಶಕವಿತ್ತು. ನೀರಾವರಿಯ ದಪ್ಪ ಪೈಪಿನ ತುಂಡಿಗೆ ಕರಿ ಬಣ್ಣ ಬಳಿದು, ಅಡಿಗೆ ತಾವೇ ಉಜ್ಜಿ ಮಾಡಿದ ಕನ್ನಡಿ ಕೂರಿಸಿದ್ದರು. ಎರಡು ಗಾಜಿನ ಬಿಲ್ಲೆಗಳ ನಡುವೆ ಮರಳಿನಂಥ ಪುಡಿ ಹಾಕಿ, ಡ್ರಮ್ಮಿನ ಮೇಲಿಟ್ಟು, ಸುತ್ತಲೂ ನಡೆಯುತ್ತ ಉಜ್ಜಿದ್ದು.

"ಗಾಣದ ಎತ್ತಿನಂಗ ಸುತ್ತಿದ್ರು" ಎಂದರು ಕಾಕು. "ಲಗ್ನದಾಗ ನನ್ನ ಕೂಡ ಸುತ್ತಿದ್ದ ಒಂದ ಗಳಿಗಿ. ಆ ಗಾಜಿನ ಸುತ್ತ ಅರ್ಧ ವರ್ಷ."

"ನಿನಗ ಹೊಳಪ ಮೊದಲೇ ಇತ್ತ" ಎಂದರು ಕಾಕಾ. ಕಾಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಸೂರ್ಯ ಇಳಿದ ಮೇಲೆ ಅಂಗಳಕ್ಕೆ ಬಂದು ನೋಡಿದರೆ ಪೂರ್ವದಲ್ಲಿ ಒಂದು ಹೊಸ ದೀಪ. ಯಾರದೋ ದನದ ಕೊಟ್ಟಿಗೆಗೆ ಬಿಳಿ ಎಲ್‌ಇಡಿ ಹಾಕಿದ್ದರು, ಗಸ್ತಿನವರಿಗೆ ಅನುಕೂಲವಾಗಲೆಂದು. ಮಿಥುನ ರಾಶಿ ಏಳುವುದು ಪೂರ್ವದಲ್ಲೇ. ಕಾಕಾ ಬಹಳ ಹೊತ್ತು ಆ ದೀಪವನ್ನು ನೋಡಿದರು. ನನ್ನನ್ನು ಅಷ್ಟು ದೂರದಿಂದ ಕರೆಸಿದ್ದು ಅವರನ್ನು ಚುಚ್ಚುತ್ತಿತ್ತು.

"ಕಾಲುವಿ ಬದೀಗೆ ಹೋಗೂಣ. ಕಬ್ಬ ಮುಗದ ಮ್ಯಾಲ ಅಲ್ಲಿ ಬಯಲ ಐತಿ."

"ಎಲ್ಲಿಗೂ ಹೋಗಬ್ಯಾಡ್ರಿ" ಎಂದರು ಕಾಕು ಒಳಗಿನಿಂದ. "ಇಲ್ಲೇ ಕಂಡಷ್ಟ ನೋಡ್ರಿ."

ನಾನು ಕಾಕು ಹೇಳಿದಂತೆ ಕೇಳಬಹುದಿತ್ತು. ಆದರೆ ಬಯಲು ಎಂಬ ಮಾತು ಕೇಳಿದ ಮೇಲೆ ನನ್ನ ಕೈ ಆಗಲೇ ಚೀಲದ ಪಟ್ಟಿ ಹಿಡಿದಿತ್ತು.

ಕಬ್ಬಿನ ಬದಿ

ಪೈಪನ್ನು ಇಬ್ಬರೂ ಎತ್ತಿಕೊಂಡು, ಕೆಂಪು ಕಾಗದ ಕಟ್ಟಿದ ಟಾರ್ಚುಗಳನ್ನು ನೆಲಕ್ಕೆ ಹಿಡಿದು, ಬದುವಿನ ಮೇಲೆ ನಡೆದೆವು. ಕಬ್ಬಿನೊಳಗೆ ಏನೋ ಸರಿದಾಡುತ್ತಿತ್ತು. "ಹಂದಿ" ಎಂದರು ಕಾಕಾ. ಸ್ವಲ್ಪ ಮುಂದೆ ಹೋಗಿ, "ಹಂದೀನೇ ಇರಬೇಕ" ಎಂದರು. ಆ ಎರಡನೆಯ ಮಾತು ಅವರು ಆಡದಿದ್ದರೆ ಚೆನ್ನಾಗಿತ್ತು.

ಬಯಲಿಗೆ ಬಂದು ದೀಪ ಆರಿಸಿದೆವು. ನಾನು ತಲೆ ಎತ್ತಿದೆ. ಎಷ್ಟು ಚುಕ್ಕಿಗಳಿದ್ದವೆಂದರೆ ನನಗೆ ಚೆನ್ನಾಗಿ ಗೊತ್ತಿದ್ದ ಮಹಾವ್ಯಾಧನನ್ನೇ ಗುರುತಿಸಲು ಹೊತ್ತು ಹಿಡಿಯಿತು. ಜಾತ್ರೆಯ ಗುಂಪಿನಲ್ಲಿ ನಮ್ಮವರನ್ನು ಹುಡುಕಿದ ಹಾಗೆ ಹುಡುಕಿದೆ. ಕತ್ತು ನೋಯುವವರೆಗೆ ನಿಂತೆ.

ಕಾಕಾ ಚಳಿಗೆ ಮಂಕಿ ಕ್ಯಾಪ್ ಹಾಕಿಕೊಂಡರು. ಪೈಪನ್ನು ಪೂರ್ವ ಆಗ್ನೇಯಕ್ಕೆ ತಿರುಗಿಸುತ್ತಿದ್ದರು.

ಮುಂದಿನದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ, ಯಾಕೆಂದರೆ ನೆನಪಿನಲ್ಲಿ ಅದು ಒಮ್ಮೊಮ್ಮೆ ಹಿಂದುಮುಂದಾಗುತ್ತದೆ.

ಮೊದಲು ಬೆಳಕು ಬಂತು. ಕಬ್ಬಿನ ಅಂಚಿನಿಂದ ಮೂರೋ ನಾಲ್ಕೋ ದೊಡ್ಡ ಟಾರ್ಚುಗಳು ಒಟ್ಟಿಗೆ ಹೊತ್ತಿ ನೇರ ನಮ್ಮ ಕಣ್ಣಿಗೆ ಬಿದ್ದವು. ನಕ್ಷತ್ರ ನೋಡುವವರ ನಡುವೆ ಯಾರಾದರೂ ಬಿಳಿ ದೀಪ ಹಾಕಿದರೆ ಎಲ್ಲರೂ ಒಂದೇ ಮಾತು ಕೂಗುತ್ತೇವೆ. ಯೋಚಿಸಿ ಕೂಗುವುದಲ್ಲ, ಕೆಮ್ಮು ಬಂದಂತೆ ಬರುತ್ತದೆ. ನಾನು "ಲೈಟ್ ಆಫ್ ಮಾಡಿ!" ಎಂದು ಚೀರಿದೆ. ಅದೇ ಕ್ಷಣ ಕಾಕಾ ಮರಾಠಿಯಲ್ಲಿ "ಬತ್ತಿ ಬಂದ ಕರಾ!" ಎಂದರು.

ಟಾರ್ಚುಗಳು ಆರಲಿಲ್ಲ, ಇನ್ನೂ ಹತ್ತಿರ ಬಂದವು.

"ಬತ್ತಿ ಆರಸಂತಾರ!" ಎಂದು ಬೆಳಕಿನ ಹಿಂದಿನಿಂದ ಒಬ್ಬ ಕನ್ನಡದಲ್ಲಿ ಕಿರುಚಿದ. "ಕಳ್ಳರಲ್ಲದಿದ್ರ ಬತ್ತಿ ಯಾಕ ಆರಸಬೇಕೋ!"

ಆಮೇಲೆ ಕೋಲು. ಅದು ಪೈಪಿಗೆ ಬಿತ್ತು. ಆ ಟೊಳ್ಳು ಸದ್ದು ನನ್ನ ಎದೆಯೊಳಗೆ ಆದಂತಾಯಿತು. ಯಾರೋ ನನ್ನ ತೋಳು ಹಿಡಿದರು, ಯಾರೋ ನನ್ನ ಸ್ಟ್ಯಾಂಡಿನ ಚೀಲ ಕಿತ್ತುಕೊಂಡರು. "ನಾವು ಕಳ್ಳರಲ್ಲ, ನಕ್ಷತ್ರ ನೋಡೋಕೆ ಬಂದಿದೀವಿ" ಎಂದೆ. ನನ್ನ ಮೈಸೂರಿನ ಮಾತು ನನ್ನ ಕಿವಿಗೇ ಬೇರೆಯವರದಂತೆ ಕೇಳಿತು. "ಈಕಿ ಈ ಕಡೆಯಾಕಿ ಅಲ್ಲ" ಎಂದಿತು ಅದೇ ಧ್ವನಿ. ಎರಡನೆಯ ಕೋಲು ಮೇಲೆದ್ದದ್ದು ಕಂಡಿತು. ನಾನು ತಲೆಯ ಮೇಲೆ ಕೈ ಅಡ್ಡ ಹಿಡಿದೆ.

ಕಾಕಾ ಮಂಕಿ ಕ್ಯಾಪನ್ನು ಕಿತ್ತೆಸೆದರು. "ಪೈಲವಾನ! ನಾನೋ! ಭೂಪಾಲ!"

ಕೋಲು ಮೇಲೆಯೇ ನಿಂತಿತು. ಒಂದು ಟಾರ್ಚು ಅವರ ಮುಖದ ಹತ್ತಿರ ಬಂತು. ಹಿಡಿದವನು ಭಾರಿ ಹೆಗಲಿನವನು, ಕಿವಿ ಮುದುಡಿಕೊಂಡ ಹಳೆಯ ಕುಸ್ತಿಪಟು. ಹೆಸರು ಯಶವಂತ. ಎಲ್ಲರಿಗೂ ಅವನು ಪೈಲವಾನ.

"ಕಾಕಾ? ತುಮ್ಹೀ?" ಎಂದ. ಆಮೇಲೆ ಕನ್ನಡದಲ್ಲಿ, "ಈ ಹೊತ್ತಿನ್ಯಾಗ ಇಲ್ಲಿ ಏನ ಮಾಡಾಕತ್ತೀರಿ? ನಿಮ್ಮ ಅಂಗಳ ಬಿಟ್ಟ?"

ಗುರುತು ಸಿಕ್ಕಿತು, ಇನ್ನು ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ.

ತಂತಿಯ ಕೆಳಗೆ

ಕಿರುಚಿದವನ ಹೆಸರು ಶಿವಪ್ಪ. ಜಮಖಂಡಿಯ ಕಡೆಯಿಂದ ಕಬ್ಬು ಕಡಿಯಲು ಬಂದವನು, ಕಾಲುವೆಯ ಆಚೆ ತಗಡಿನ ಗುಡಿಸಲು ಹಾಕಿಕೊಂಡಿದ್ದ. ಅವನು ಕಾಕಾರನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಪೈಪು ತಿರುಗಿದ್ದ ಕಡೆಗೆ ಕೈ ಚಾಚಿದ.

"ಅದೋ! ಬಂತ ನೋಡ್ರಿ! ಇವರ ಪೈಪ ಅದರ ಕಡೀಗೇ ಐತಿ!"

ಬಯಲಿನ ಆಚೆ ವಿದ್ಯುತ್ ಕಂಬಗಳ ಸಾಲಿತ್ತು. ತಂತಿಗಳ ಕೆಳಗೆ, ನೆಲಕ್ಕೆ ಹತ್ತಿರ, ಒಂದು ಬೆಳಕು ಕೆಂಪು, ಹಸಿರು, ಬಿಳಿಯಾಗಿ ಮಿಣಮಿಣ ಎನ್ನುತ್ತಿತ್ತು.

ಅದು ಲುಬ್ಧಕ. ಇಡೀ ಆಕಾಶದಲ್ಲೇ ಹೆಚ್ಚು ಹೊಳೆಯುವ ನಕ್ಷತ್ರ. ಆಗತಾನೆ ಹುಟ್ಟಿತ್ತು.

"ದಿನಾ ಬರತೈತ್ರಿ" ಎಂದ ಶಿವಪ್ಪ. ಸಿಟ್ಟಿಗಿಂತ ಅಳು ಹತ್ತಿರವಿದ್ದ ಧ್ವನಿ. "ಮೊದಲ ನಾವು ಉಂಡ ಮಲಗಿದ ಮ್ಯಾಲ ಬರತಿತ್ತು. ಈಗ ಉಣ್ಣೂ ಹೊತ್ತಿಗೇ ಬರಾಕತ್ತೈತಿ. ದಿನಾ ಒಂದೀಟ ಲಗೂ. ಅವರಿಗೆ ಧೈರ್ಯ ಹೆಚ್ಚಾಗೈತಿ. ನನ್ನ ಹೆಂಡತಿ ಹೊರಗ ಒಲಿ ಹಚ್ಚೂದ ಬಿಟ್ಟಾಳ. ಹುಡುಗರನ್ನ ಒಳಗ ಹಾಕ್ಕೊಂಡ, ಬಾಗಲಾ ಬಿಗದ, ಆ ಹೊಗ್ಯಾಗ ರೊಟ್ಟಿ ಬಡೀತಾಳ. ಹುಡುಗರ ಕಣ್ಣ ನೋಡ್ರಿ ಬಂದ."

ನಕ್ಷತ್ರಗಳೆಲ್ಲ ದಿನಕ್ಕೆ ನಾಲ್ಕು ನಿಮಿಷ ಮೊದಲು ಹುಟ್ಟುತ್ತವೆ. ಹದಿನೈದು ದಿನಕ್ಕೆ ಒಂದು ಗಂಟೆ. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಅದೇ ನಾಲ್ಕು ನಿಮಿಷ ಒಂದು ಗುಡಿಸಲಿಗೆ ಹತ್ತಿರ ಹತ್ತಿರ ಬರುವ ಕಳ್ಳನಂತೆ ಕಾಣಬಹುದೆಂದು ಯೋಚಿಸಿರಲಿಲ್ಲ. ನಾನು ಇದನ್ನೆಲ್ಲ ಹೇಳಲು ಹೋದೆ. ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ಪೈಲವಾನ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. "ಪೈಪನ್ಯಾಗ ನಾ ನೋಡತೇನಿ."

ಇದರಿಂದ ಒಳ್ಳೆಯದಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನಕ್ಷತ್ರ ಎಷ್ಟು ದೊಡ್ಡದಾಗಿ ತೋರಿಸಿದರೂ ಚುಕ್ಕಿಯೇ. ಅದೂ ದಿಗಂತದ ಹತ್ತಿರ, ದಪ್ಪ ಗಾಳಿಯೊಳಗಿಂದ, ಇನ್ನೂ ಹೆಚ್ಚು ಬಣ್ಣ ಕಾರುತ್ತದೆ. ಬೇಡವೆನ್ನುವುದು ಹೇಗೆ? ಕಾಕಾ ಪೈಪನ್ನು ಹೊಂದಿಸಿಕೊಟ್ಟರು.

ಪೈಲವಾನ ಕಣ್ಣಿಟ್ಟ. "ಲಾಲ... ಹಿರವಾ... ಕೆಂಪ, ಹಸರ. ಹತ್ತತೈತಿ, ಆರತೈತಿ." ಮೆಲ್ಲಗೆ ಕಣ್ಣು ತೆಗೆದ. "ಕಾಕಾ, ಇದಕ್ಕ ಲೈಟ ಅದಾವ. ಇದು ಡ್ರೋನೇ."

ಹಿಂದಿನಿಂದ ಒಬ್ಬ, "ಒಡೀರಿ ಆ ಪೈಪ" ಎಂದ. ಇನ್ನೊಬ್ಬ, "ಈವತ್ತ ಒಡದ್ರ ಕಾಕಾ ನಾಳಿಂದ ಮನ್ಯಾಗ ಇರತಾರ, ಅವರಿಗೂ ಚಲೋ" ಎಂದ. ಕಾಕಾ ಪೈಪಿನ ಬುಡಕ್ಕೆ, ಕನ್ನಡಿ ಇದ್ದ ಕಡೆಗೆ, ಬೆನ್ನು ಕೊಟ್ಟು ಕೂತುಬಿಟ್ಟರು.

ಆಗ ನಾನು ಮುಷ್ಟಿ ಚಾಚಿದೆ. ತೋಳು ನೀಳ ಚಾಚಿ ಮುಷ್ಟಿ ಹಿಡಿದರೆ, ಅಷ್ಟು ಎತ್ತರ ಏರಲು ನಕ್ಷತ್ರಕ್ಕೆ ಸುಮಾರು ಮುಕ್ಕಾಲು ಗಂಟೆ ಬೇಕು. ಬೆಳಕಿಗೂ ಮೇಲಿನ ತಂತಿಗೂ ನಡುವೆ ಒಂದು ಮುಷ್ಟಿ ಅಂತರವಿತ್ತು.

"ಅದು ಈಗ ತಂತಿಯ ಕೆಳಗಿದೆ" ಎಂದೆ. "ಹಾರಿಸಿದ ಡ್ರೋನ್ ಆದರೆ ಎಲ್ಲಿಗಾದರೂ ಹೋಗುತ್ತೆ, ಇಲ್ಲ ಬ್ಯಾಟರಿ ಮುಗಿದು ಇಳಿಯುತ್ತೆ. ನಕ್ಷತ್ರವಾದರೆ ಮುಕ್ಕಾಲು ಗಂಟೆಯಲ್ಲಿ ತಂತಿಯನ್ನು ದಾಟಿ ಮೇಲೆ ಬರುತ್ತೆ, ಸ್ವಲ್ಪ ಬಲಕ್ಕೆ. ಮೇಲೆ ಬಂದ ಹಾಗೆ ಬಣ್ಣ ಕಡಿಮೆಯಾಗಿ ಬಿಳಿ ಆಗುತ್ತೆ. ಕೂತು ನೋಡೋಣ. ನಾವು ಎಲ್ಲಿಗೂ ಓಡಿಹೋಗಲ್ಲ."

"ಬರಲಿಲ್ಲಂದ್ರ?" ಎಂದ ಪೈಲವಾನ.

ಕಾಕಾ ಕೂತಲ್ಲಿಂದಲೇ ಹೇಳಿದರು: "ಬರಲಿಲ್ಲಂದ್ರ ನೀವು ಒಡೀಬ್ಯಾಡ್ರಿ. ನಾನೇ ಒಡೀತೇನಿ."

ಪೈಲವಾನ ಒಪ್ಪಿದ. ಕಂಬದ ತಂತಿ ಸರಿಯಾಗಿ ಕಾಣಬೇಕಾದರೆ ಟಾರ್ಚು ಆರಿಸಬೇಕಿತ್ತು. ಅದನ್ನು ನಾನು ಹೇಳಲಿಲ್ಲ, ಹೇಳುವ ಧೈರ್ಯ ಉಳಿದಿರಲಿಲ್ಲ. ಅವನೇ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಮರಾಠಿಯಲ್ಲಿ ಏನೋ ಗದರಿದ. ಒಂದೊಂದೇ ಟಾರ್ಚು ಆರಿತು.

ಸಾಲಾಗಿ ಕೂತೆವು. ನನ್ನ ಎರಡೂ ಪಕ್ಕ ಕೋಲು ಹಿಡಿದವರು. ಒಬ್ಬ ನನಗೆ ನೀರಿನ ಬಾಟಲಿ ಕೊಟ್ಟ, ಕುಡಿದೆ. ಕಾಕಾರ ಕಡೆ ಚಾಚಿದ. ಅವರ ತುಟಿ ಒಣಗಿ ಅಂಟಿಕೊಂಡಿದ್ದವು. ಬೇಡವೆಂದು ತಲೆಯಾಡಿಸಿದರು. ಕೊಟ್ಟವನು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ನಾನು ಬೆಳಕಿನಿಂದ ಕಣ್ಣು ಕೀಳಲಿಲ್ಲ. ಅದು ಏರುತ್ತದೆಂದು ಲಕ್ಷ ವರ್ಷಗಳ ಸಾಕ್ಷಿಯಿದೆ. ಆದರೂ ಆ ಸಂಜೆ ಅದು ಏರದಿದ್ದರೆ ಎಂಬ ಭಯ ನನಗಿತ್ತು. ಕಣ್ಣಿಟ್ಟು ನೋಡಿದಷ್ಟೂ ಅಲ್ಲಾಡುವುದೇ ಇಲ್ಲ ಅನ್ನಿಸುತ್ತದೆ.

ಕತ್ತಲು ಕಣ್ಣಿಗೆ ಒಗ್ಗುತ್ತ ಬಂದಂತೆ ಪಕ್ಕದವರು ಒಬ್ಬೊಬ್ಬರಾಗಿ ತಲೆ ಎತ್ತತೊಡಗಿದರು. ದಿನವೂ ಟಾರ್ಚು ಹಿಡಿದೇ ತಿರುಗಿದವರು, ಅದನ್ನು ಆರಿಸಿ ಕೂತದ್ದೇ ಇಲ್ಲ. ಅಷ್ಟರಲ್ಲಿ ನೆತ್ತಿಯಿಂದ ಪಶ್ಚಿಮಕ್ಕೆ ಒಂದು ಉಲ್ಕೆ, ಉದ್ದಕ್ಕೆ, ಹಸಿರು ಗೆರೆ ಎಳೆದ ಹಾಗೆ ಬಿತ್ತೆಂದು ಆಮೇಲೆ ಹೇಳಿದರು. ಕೋಲು ಹಿಡಿದವರೆಲ್ಲ ಎದ್ದು ನಿಂತರು. ಪೈಲವಾನನ ಕೈ ನನ್ನ ತೋಳನ್ನು ಹಿಡಿದಿತ್ತು. ಈ ಸಲ ಆ ಹಿಡಿತ ಬೇರೆಯಾಗಿತ್ತು.

"ಬಿತ್ತು!"

"ಕಾಯ್ ಪಡ್ಲಂ? ಏನ ಬಿತ್ತೋ?"

ಇನ್ನೊಂದು ಬಿತ್ತು. ಮತ್ತೆ ಎರಡು, ಒಂದರ ಬೆನ್ನಿಗೊಂದು. "ಇವೂ ಕಾಕಾನ ಡ್ರೋನ ಏನೋ?" ಎಂದ ಒಬ್ಬ. ಯಾರೋ ಫಕ್ಕನೆ ನಕ್ಕರು. "ಕಾಕಾ, ಒಂದ ಹಿಡದ ಕೊಡ್ರಿ, ಎಮ್ಮಿ ಕೊಳ್ಳಾಗ ಕಟ್ಟತೇನಿ." ನಾನು ಮೈಸೂರಿನಿಂದ ಬಂದದ್ದು ಇದನ್ನು ನೋಡಲೆಂದೇ. ಕಣ್ಣು ಮೇಲಕ್ಕೆ ಹೋಗಲು ಹಾತೊರೆಯುತ್ತಿತ್ತು, ನಾನು ಬಿಡಲಿಲ್ಲ. ಶಿವಪ್ಪನೂ ಮೇಲೆ ನೋಡಲಿಲ್ಲ. ಅವನೂ ನಾನೂ ಒಂದೇ ಬೆಳಕನ್ನು ಕಾಯುತ್ತಿದ್ದೆವು.

ಆಗ ಅದು ಮಾಯವಾಯಿತು.

"ಹೋತು!" ಶಿವಪ್ಪ ಎದ್ದ. "ನೋಡ್ರಿ, ಹಾರಿ ಹೋತು! ನಾ ಹೇಳಲಿಲ್ಲ?"

ನಾನೂ ಎದ್ದು ನಿಂತೆ. ಮೂಗಿಗೆ ಹೊಗೆಯ ವಾಸನೆ ಬಂದದ್ದು ಆಮೇಲೆ. ದೂರದಲ್ಲಿ ಯಾರೋ ಕಡಿದ ಹೊಲದ ಕಬ್ಬಿನ ರವದಿಗೆ, ಅಂದರೆ ಒಣ ಗರಿಗೆ, ಬೆಂಕಿ ಹಚ್ಚಿದ್ದರು. "ಹೊಗೆ, ಹೊಗೆ ಅಡ್ಡ ಬಂದಿದೆ" ಎಂದೆ. ನಂಬಿದವರು ಯಾರೂ ಇರಲಿಲ್ಲ. ಹಿಂದೆ ಒಬ್ಬ ಟಾರ್ಚು ಹೊತ್ತಿಸಿದ. ಪೈಲವಾನ ಪೈಪಿನ ಹತ್ತಿರ ನಡೆದ. ಕಾಕಾ ತಲೆ ಎತ್ತಲಿಲ್ಲ, ಎರಡೂ ಕೈಯಲ್ಲಿ ಪೈಪನ್ನು ತಬ್ಬಿಕೊಂಡಿದ್ದರು.

"ನಿಂದರ್ರಿ" ಎಂದ ಶಿವಪ್ಪ.

ಹೊಗೆ ಸರಿಯುತ್ತಿತ್ತು. ಅದರ ಮೇಲಂಚಿನಲ್ಲಿ ಬೆಳಕು ಮತ್ತೆ ಮೂಡಿತು. ಮೊದಲು ಮಂಕಾಗಿ, ಆಮೇಲೆ ಪೂರ್ತಿ. ಅದು ತಂತಿಯನ್ನು ಮುಟ್ಟಿತ್ತು. ನಾವು ನೋಡುತ್ತಿದ್ದಂತೆ ತಂತಿ ಅದನ್ನು ಒಮ್ಮೆ ಮುಚ್ಚಿತು, ಬಿಟ್ಟಿತು. ಈಗ ಅದು ತಂತಿಯ ಮೇಲಿತ್ತು, ಸ್ವಲ್ಪ ಬಲಕ್ಕೆ. ಕೆಂಪು ಹಸಿರು ಹೋಗಿ ಬಿಳಿಯಾಗಿತ್ತು.

ಪೈಲವಾನ ಕೋಲಿನ ತುದಿಯಿಂದ ಪೈಪಿನ ಮೇಲಿನ ಸೀಳನ್ನು ಮುಟ್ಟಿ ನೋಡಿ, "ಕಾಕಾ, ಇದು ಜೋಡಸಾಕ ಬರತೈತಿ?" ಎಂದ. ಬರುತ್ತದೆ ಎಂದರು ಕಾಕಾ. ಪೈಪನ್ನು ಮನೆಯವರೆಗೆ ಹೊತ್ತು ತಂದದ್ದು ಅವನೇ. ಅಂಗಳ ಬಿಟ್ಟು ಹೋಗುವುದಿದ್ದರೆ ಮೊದಲು ತನಗೆ ಫೋನು ಮಾಡಬೇಕೆಂದು ಕಟ್ಟುನಿಟ್ಟಾಗಿ ಹೇಳಿದ. ಕಾಕು ಬಾಗಿಲಲ್ಲಿ ದೀಪವಿಲ್ಲದೆ ನಿಂತಿದ್ದರು. ನಮ್ಮನ್ನು ನೋಡಿ ಒಳಗೆ ಹೋದರು.

ಬಯಲಿನಿಂದ ಹೊರಡುವಾಗ ಶಿವಪ್ಪ ನನ್ನ ಹತ್ತಿರ ಬಂದು ಒಂದು ಮಾತು ಕೇಳಿದ್ದ. "ಹಂಗಾರ ಖರೇ ಡ್ರೋನ ಯಾವುದ್ರಿ?"

ಗೊತ್ತಿಲ್ಲ ಎಂದೆ. ಅವನು ತಲೆಯಾಡಿಸಿ, "ನಾಳೆ ನಮ್ಮ ಗುಡಸಲಕ್ಕ ಬರ್ರಿ. ನಾ ಹೇಳಿದ್ರ ಆಕಿ ನಂಬೂದಿಲ್ಲ" ಎಂದ.

ಕಾಲುವೆಯ ಆಚೆ, ಮರುದಿನ ಸಂಜೆ

ಕಾಕಾ, ನಾನು ಬರಿಗೈಯಲ್ಲಿ ಹೋದೆವು. ಪೈಲವಾನನೂ ಕೋಲು ಹಿಡಿದು ಜೊತೆಗೆ ಬಂದ, ಕಾವಲಿಗೋ ಕುತೂಹಲಕ್ಕೋ ಹೇಳಲಿಲ್ಲ.

ತಗಡಿನ ಬಾಗಿಲು ಮುಚ್ಚಿತ್ತು, ಸಂದಿಗಳಿಂದ ಹೊಗೆ ಬರುತ್ತಿತ್ತು. ಶಿವಪ್ಪ ತಟ್ಟಿದ. ಅವನ ಹೆಂಡತಿ ಬಾಗಿಲನ್ನು ಅರ್ಧ ತೆರೆದಳು. ಹೆಸರು ಯಲ್ಲವ್ವ. ಕೈಗೆ ಹಿಟ್ಟು ಮೆತ್ತಿತ್ತು, ಕಣ್ಣು ಕೆಂಪಾಗಿದ್ದವು. ಹಿಂದೆ ಒಂದು ಮಗು ಕೆಮ್ಮುತ್ತಿತ್ತು.

"ಇನ್ನೂ ಬಂದಿಲ್ಲ" ಎಂದೆ. "ನಿನ್ನೆಗಿಂತ ಒಂದು ಚೂರು ಬೇಗ ಬರುತ್ತೆ. ಆ ಕಂಬದ ಬುಡದಲ್ಲಿ. ನೀವೇ ನೋಡಿ."

"ಬರೂದು ನಿಮಗ ಹೆಂಗ ಗೊತ್ತು?" ಎಂದಳು. ಅವಳ ದೃಷ್ಟಿಯಲ್ಲಿ ಅದು ನ್ಯಾಯವಾದ ಪ್ರಶ್ನೆ. ಕಳ್ಳ ಬರುವ ಹೊತ್ತು ಗೊತ್ತಿರುವವರು ಯಾರು?

"ನಾನು ಹುಟ್ಟೋ ಮೊದಲೂ ಅದು ಹೀಗೇ ಬರ್ತಿತ್ತಮ್ಮ" ಎಂದೆ. ಅವಳು ಹೊಸ್ತಿಲಿನಿಂದ ಈಚೆಗೆ ಕಾಲಿಡಲಿಲ್ಲ.

ಬೆಳಕು ಬಂತು. ಕಂಬದ ಬುಡದಲ್ಲಿ, ಕೆಂಪಗೆ, ಹಸಿರಾಗಿ. ಯಲ್ಲವ್ವನ ಕೈ ಬಾಗಿಲ ಅಂಚನ್ನು ಬಿಗಿಯಾಗಿ ಹಿಡಿಯಿತು. ಶಿವಪ್ಪ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು ಬೀಡಿ ಹಚ್ಚಿದ. ಬೆಳಕು ಮೆಲ್ಲಗೆ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ, ಕಂಬದ ಅರ್ಧಕ್ಕೆ ಏರಿತು. ಅಲ್ಲಿಂದ ಅಡ್ಡಪಟ್ಟಿಗೆ. ಅವಳ ರೊಟ್ಟಿಯ ಹಿಟ್ಟು ಕೈಯಲ್ಲೇ ಒಣಗುತ್ತಿತ್ತು.

ತಂತಿ ದಾಟಿದ ಮೇಲೂ ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ, ಉರಿಯುವ ಕೊಳ್ಳಿಯೊಂದನ್ನು ಹೊರಗೆ ತಂದು, ಅಂಗಳದ ಮೂರು ಕಲ್ಲಿನ ನಡುವೆ ಇಟ್ಟಳು. ಮತ್ತೆ ಹೋಗಿ ಹಂಚು ತಂದಳು. ಮೂರನೆಯ ಸಲ ಕುಡುಗೋಲು ತಂದು ತನ್ನ ಬಲಗೈಗೆ ಸಿಗುವಂತೆ ಪಕ್ಕದಲ್ಲಿಟ್ಟುಕೊಂಡಳು. ಎರಡು ಮಕ್ಕಳು ಕಣ್ಣುಜ್ಜುತ್ತ ಈಚೆ ಬಂದು ಅವಳ ಬೆನ್ನಿಗೆ ಅಂಟಿ ಕೂತವು.

ರೊಟ್ಟಿ ಬಡಿಯಲು ಶುರುಮಾಡಿದಳು. ಒಂದು ರೊಟ್ಟಿ ಹಂಚಿಗೆ ಹಾಕಿದಾಗ ಒಮ್ಮೆ ತಲೆ ಎತ್ತಿ ಆ ಚುಕ್ಕಿಯನ್ನು ನೋಡುತ್ತಿದ್ದಳು, ಮಗುಚಿದಾಗ ಇನ್ನೊಮ್ಮೆ. ಅದು ತಂತಿಯ ಮೇಲೆ, ಬರಬೇಕಾದ ಜಾಗದಲ್ಲೇ ಇತ್ತು.